ಚಳಿಗೆ, ಮಳೆಗೆ ಬೈಕ್ ಗ್ಲೌಸ್

ದಪ್ಪ ಇದ್ದಷ್ಟೂ ಗ್ಲೌಸ್ ಬೆಚ್ಚಗಿರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದಪ್ಪ ಗ್ಲೌಸ್ ಕೈಗೆ ಬಿಗಿಯಾದರೆ ಬೆರಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಒಳಗೆ ಬೆಚ್ಚನೆ ಗಾಳಿ ನಿಲ್ಲಲೂ ಜಾಗ ಇರುವುದಿಲ್ಲ. ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಿ. ಬೆರಳ ತುದಿಯಲ್ಲಿ ಚೂರು ಜಾಗ ಉಳಿಯಬೇಕು. ಬ್ರೇಕ್ ಲಿವರ್ ಹಿಡಿದದ್ದು ಕೈಗೆ ಗೊತ್ತಾಗಲೇಬೇಕು, ಇದರಲ್ಲಿ ರಾಜಿ ಇಲ್ಲ.

ನೀರು ತಡೆಯಲು ಬರೀ ಚರ್ಮದ ಗ್ಲೌಸ್ ಸಾಲದು. ಒಳಗೆ ಗೋರ್-ಟೆಕ್ಸ್ ತರಹದ ಪದರ ಇರಲಿ. ಅದು ಮಳೆ ತಡೆದು, ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ. ಕೊಳ್ಳುವ ಮೊದಲು ಕೈ ಹಾಕಿ ತೆಗೆದು ನೋಡುತ್ತೇನೆ. ಒಳಬಟ್ಟೆ ಕೈಜೊತೆ ಎದ್ದು ಬಂದರೆ ಬೇಡವೇ ಬೇಡ. ಒದ್ದೆ ಕೈಗೆ ಅದನ್ನು ಮತ್ತೆ ಏರಿಸೋದು ದೊಡ್ಡ ಹಿಂಸೆ ಅಲ್ವಾ? ಬೈಕ್ ಗ್ಲೌಸ್‌ಗಿರುವ ಯುರೋಪಿನ ಸುರಕ್ಷತಾ ಮಾನದಂಡ ಇಎನ್ 13594ರ ಗುರುತನ್ನೂ ಹುಡುಕುತ್ತೇನೆ. ಬೈಕಿನಲ್ಲಿ ಬಿಸಿಯಾಗುವ ಗ್ರಿಪ್ ಇದ್ದರೆ ಅಂಗೈ ಕಡೆ ತೆಳುವಾಗಿರುವುದನ್ನೇ ಆರಿಸಿ.