ಪೆಲೆಟ್ ವಿಂಗಡಣೆ: ತೂಕ ಮುಗಿಯಿತು, ಈಗ ತಲೆಯ ಅಳತೆ

ಗಾಳಿಯ ಒತ್ತಡದಲ್ಲಿ ಹೊಡೆಯುವ ಏರ್ ರೈಫಲ್ಲಿನ ಪುಟ್ಟ ಸೀಸದ ಗುಂಡಿಗೆ ಪೆಲೆಟ್ ಅಂತಾರೆ. ಅವನ್ನು ವಿಂಗಡಿಸುವ, ಮಳೆಗಾಲದ ಮುಂಚೆ ಶುರು ಮಾಡಿದ ಕೆಲಸ ಒಂದು ಹಂತಕ್ಕೆ ಬಂದಿದೆ. ತೂಗಿ ಬೇರೆ ಮಾಡುವುದು ಮುಗಿಯಿತು. ಯಾವ ಡಬ್ಬಿ ನಮ್ಮ ರೈಫಲ್ಲಿಗೆ ಒಗ್ಗುತ್ತದೆ ಅನ್ನುವುದೂ ಸುಮಾರಾಗಿ ಗೊತ್ತಾಗಿದೆ.

ಹೊಸಬರಿಗೆ ಎರಡು ಮಾತು. ಹೊರದೇಶಗಳಲ್ಲಿ ಹವ್ಯಾಸಿಗಳು ಖಾಲಿ ತೋಟೆಗಳಿಗೆ ಮದ್ದು ತೂಗಿ, ಗುಂಡು ಕೂರಿಸಿ, ತಮ್ಮ ಬಂದೂಕಿಗೆ ಹೊಂದುವ ತೋಟೆಗಳನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅದಕ್ಕೆ ಪರವಾನಗಿ ಬೇಕು, ಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ಆದರೆ ಪ್ರತಿ ಗುಂಡೂ ಇನ್ನೊಂದರ ಹಾಗೇ ಇರಬೇಕು ಅನ್ನುವ ಅದೇ ಹಟವನ್ನು 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್ ಸ್ಪರ್ಧೆಯಲ್ಲೂ ಹಿಡಿಯಬಹುದು. ನಳಿಗೆಯ ಒಳ ಅಳತೆ 4.5 ಮಿ.ಮೀ., ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಡ. ನಮ್ಮದು 8 ಜೂಲ್ ಕೂಡ ದಾಟುವುದಿಲ್ಲ.

ರೈಫಲ್ ಹಿಡಿಯುವುದು ನಾನಲ್ಲ, ಅಣ್ಣನ ಮಗಳು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಇದೇ ಸ್ಪರ್ಧೆಯಲ್ಲಿ. ಆಗ ಅವಳು ಹುಟ್ಟಿರಲೇ ಇಲ್ಲ. ಆದರೂ ಆ ಪಂದ್ಯದ ವಿಡಿಯೊ ಅವಳಿಗೆ ಬಾಯಿಪಾಠ. ಅವಳು ಅಭ್ಯಾಸ ಮಾಡುತ್ತಾಳೆ, ನಾನು ಪೆಲೆಟ್ ನೋಡಿಕೊಳ್ಳುತ್ತೇನೆ.

ಮೊದಲು ತೂಕ. ನಮ್ಮ ಪಂದ್ಯದ ಪೆಲೆಟ್ 0.53 ಗ್ರಾಂ, ಅಂದರೆ 8.2 ಗ್ರೇನ್. ಹಳೇ ಚಿನ್ನದ ಲೆಕ್ಕದಲ್ಲಿ ನಾಲ್ಕು ಗುಲಗಂಜಿಗಿಂತ ತುಸು ಜಾಸ್ತಿ. ಇಷ್ಟು ಹಗುರದ್ದನ್ನು ತೂಗಲು ಅಡುಗೆಮನೆ ತಕ್ಕಡಿ ಸಾಲದು. ಪರಿಚಯದ ಅಕ್ಕಸಾಲಿಗರು ಮಿಲಿಗ್ರಾಂ ತೋರಿಸುವ ತಕ್ಕಡಿ ಕೊಟ್ಟರು. "ಫ್ಯಾನ್ ಆಫ್ ಮಾಡ್ಕೊಂಡು ತೂಗಿ ಸ್ವಾಮಿ, ಗಾಳಿಗೆ ಅಂಕಿ ನಿಲ್ಲಲ್ಲ" ಅಂದರು. ನಿಜ. ಕಿಟಕಿಯನ್ನೂ ಮುಚ್ಚಬೇಕಾಯಿತು. ತುಮಕೂರಿನ ಸೆಕೆಯಲ್ಲಿ ಅದೇ ಕಷ್ಟದ ಭಾಗ.

ಒಂದೇ ಡಬ್ಬಿಯೊಳಗೆ ಹೆಚ್ಚಿನವು 0.527ರಿಂದ 0.533ರ ನಡುವೆ ಬಂದವು. ಈ ವ್ಯತ್ಯಾಸಕ್ಕೆ ಗುರಿ ಎಷ್ಟು ಅಲುಗುತ್ತದೆ? ಕೂತು ಲೆಕ್ಕ ಹಾಕಿದೆ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಮೀಟರ್ ದಾಟಲು 0.06 ಸೆಕೆಂಡ್ ಸಾಕು. ಅಷ್ಟರಲ್ಲಿ ಅದು ಕೆಳಗಿಳಿಯುವುದು ಸುಮಾರು 17 ಮಿ.ಮೀ. ಪೆಲೆಟ್ 10 ಮಿಲಿಗ್ರಾಂ ಭಾರವಾದರೆ ವೇಗ ಹತ್ತಿರ ಹತ್ತಿರ ಶೇ. 1 ಕಡಿಮೆಯಾಗುತ್ತದೆ, ಇಳಿತ 0.3 ಮಿ.ಮೀ. ಜಾಸ್ತಿಯಾಗುತ್ತದೆ. ಗುರಿಹಲಗೆಯಲ್ಲಿ 0.1 ಅಂಕ ಅಂದರೆ 0.25 ಮಿ.ಮೀ. ಹಾಗಾಗಿ 10 ಮಿಲಿಗ್ರಾಂ ವ್ಯತ್ಯಾಸಕ್ಕೆ ಒಂದು ದಶಾಂಶ ಹೋಗಬಹುದು. ಒಂದೆರಡು ಮಿಲಿಗ್ರಾಂಗೆ ಏನೂ ಆಗುವುದಿಲ್ಲ. ಒಳ್ಳೆಯ ಡಬ್ಬಿ ತಂದಿದ್ದರೆ ಒಂದೊಂದನ್ನೂ ತೂಗುತ್ತಾ ಕೂರಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೀರಾ ಹಗುರ, ತೀರಾ ಭಾರದವನ್ನು ತೆಗೆದರೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ಕಣ್ಣಲ್ಲಿ ನೋಡುವುದು. ಪೆಲೆಟ್ಟಿನ ಹಿಂಭಾಗ ಟೊಳ್ಳು, ತೆಳು. ಅದಕ್ಕೆ ಸ್ಕರ್ಟ್ ಅಂತಾರೆ. ಅಲ್ಲಿ ಸಣ್ಣ ತಗ್ಗು ಬಿದ್ದಿದ್ದರೂ ನಳಿಗೆಯಿಂದ ಹೊರಬರುವಾಗ ಹಿಂದಿನ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟನ್ನು ವಾಲಿಸುತ್ತದೆ. ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಅಂಥವನ್ನು ಬೇರೆ ಡಬ್ಬಿಗೆ ಹಾಕಿದ್ದೇನೆ. ಅವು ಅಭ್ಯಾಸಕ್ಕೆ. ಸೀಸ ಮುಟ್ಟಿದ ಕೈಯಲ್ಲಿ ಏನೂ ತಿನ್ನಬಾರದು, ಸೋಪು ಹಾಕಿ ತೊಳೆಯಬೇಕು. ಬಿಳಿ ಪುಡಿ ಕೂತ ಹಳೇ ಪೆಲೆಟ್‌ಗಳನ್ನು ಮನೆಮಕ್ಕಳ ಕೈಗೆ ಸಿಗದ ಹಾಗೆ ಇಟ್ಟಿದ್ದೇನೆ.

ಈಗ ತಲೆಯ ಅಳತೆ, ಅಂದರೆ ಪೆಲೆಟ್ಟಿನ ಮುಂಭಾಗ ಎಷ್ಟು ಮಿ.ಮೀ. ಅಗಲ ಅನ್ನುವುದು. ಡಬ್ಬಿಯ ಮೇಲೆ 4.49, 4.50 ಅಂತ ಚೀಟಿ ಇರುತ್ತದೆ, ಜೊತೆಗೆ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ತಯಾರಾದ ಕಂತಿನ ಗುರುತು. ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ಈ ತಲೆಯೂ ತಾಗಿಕೊಂಡು ಹೋಗುತ್ತದೆ. ಯಾವ ಅಳತೆ ಯಾವ ನಳಿಗೆಗೆ ಕೂಡಿಬರುತ್ತದೆ ಅನ್ನುವುದನ್ನು ಹೊಡೆದೇ ನೋಡಬೇಕು.

ಗುಬ್ಬಿ ಹತ್ತಿರ ಮಾವನವರ ತೋಟದಲ್ಲಿ ಕೊಬ್ಬರಿ ಶೆಡ್ ಖಾಲಿ ಇತ್ತು. ಉದ್ದ ಸಾಕಷ್ಟಿದೆ, ಗಾಳಿ ನುಗ್ಗುವುದಿಲ್ಲ. ರೈಫಲ್ಲನ್ನು ಕೈಯಲ್ಲಿ ಹಿಡಿಯದೆ, ಗಟ್ಟಿ ಮೇಜಿಗೆ ಬೋಲ್ಟ್ ಹಾಕಿದ ಬೆಂಚ್ ವೈಸಿನಲ್ಲಿ, ರಬ್ಬರ್ ಕೊಟ್ಟು ಬಿಗಿದೆವು. ಮನುಷ್ಯನ ಅಲುಗಾಟ ಲೆಕ್ಕಕ್ಕೆ ಬರಬಾರದು ಅಂತ. ಗುರಿಯ ಹಿಂದೆ ಓರೆ ಮಾಡಿದ ಉಕ್ಕಿನ ತಗಡು, ಕೆಳಗೆ ಮರಳಿನ ಪೆಟ್ಟಿಗೆ. ಹೊಡೆಯುವಾಗ ಶೆಡ್ಡಿನ ಬಾಗಿಲು ಹಾಕಿ, ಎಲ್ಲರೂ ರೈಫಲ್ಲಿನ ಹಿಂದೆ, ಕಣ್ಣಿಗೆ ಕನ್ನಡಕ.

ಪೆಲೆಟ್ಟಿನ ಮೂತಿ ಚಪ್ಪಟೆ, ಹಾಗಾಗಿ ಕಾಗದದಲ್ಲಿ ದುಂಡಗಿನ ಸ್ವಚ್ಛ ತೂತು ಬೀಳುತ್ತದೆ. ಅಳೆಯುವುದು ಸುಲಭ: ತೂತುಗಳ ಗುಂಪಿನ ಹೊರ ಅಂಚಿಂದ ಹೊರ ಅಂಚಿಗೆ ಅಳೆದು 4.5 ಕಳೆಯಬೇಕು. 4.49ರ ಡಬ್ಬಿಯಲ್ಲಿ ಗುಂಪು 6.8 ಮಿ.ಮೀ. ಬಂತು, ಅಂದರೆ ಕೇಂದ್ರದಿಂದ ಕೇಂದ್ರಕ್ಕೆ 2.3. 4.50ರದ್ದು 6.0, ಅಂದರೆ 1.5. ಡಬ್ಬಿ ಅದಲು ಬದಲು ಮಾಡಿ ಮತ್ತೆ ಹೊಡೆದಾಗಲೂ ಹಾಗೇ ಬಂತು. ನೋಡಿ ಖುಷಿಯಾಯಿತು.

ಅಂಕದ ಲೆಕ್ಕದಲ್ಲಿ ಇದು ಸಣ್ಣದಲ್ಲ. ಒಂದು ಹೊಡೆತಕ್ಕೆ ಪೂರ್ತಿ ಅಂಕ 10.9. ಗುಂಪು ಸರಿಯಾಗಿ ಗುರಿಯ ನಡುವಿನ ಚುಕ್ಕಿಯ ಮೇಲೇ ಕೂತಿದ್ದರೆ, 4.50ರ ಪ್ರತಿ ಪೆಲೆಟ್ಟೂ ಹೆಚ್ಚುಕಡಿಮೆ 10.7ಕ್ಕೆ ಕಡಿಮೆ ಬೀಳುವುದಿಲ್ಲ. 4.49ರದ್ದು 10.5ರವರೆಗೆ ಜಾರಬಹುದು. 60 ಹೊಡೆತದ ಸುತ್ತಿನಲ್ಲಿ ಅರ್ಧ ಅಂಕಕ್ಕೇ ಜಾಗ ಮೇಲೆ ಕೆಳಗೆ ಆಗುತ್ತದೆ, ಅಲ್ವಾ?

"ಚಿಕ್ಕಪ್ಪ, ಪಂದ್ಯಕ್ಕೆ ನನಗೆ 4.50ರದ್ದೇ ಇಡಿ, ಬೇರೆಯದು ಬೆರೆಸಬೇಡಿ" ಅಂದಿದ್ದಾಳೆ ಹುಡುಗಿ. ಅವಳ ಡಬ್ಬಿಗೆ ಕೆಂಪು ಟೇಪ್ ಸುತ್ತಿದ್ದೇನೆ.

ಒಂದು ಮಾತು ಒತ್ತಿ ಹೇಳಬೇಕು. 4.50 ಎಲ್ಲರಿಗೂ ಒಳ್ಳೆಯದು ಅಂತ ಇದನ್ನು ಓದಿ ಯಾರೂ ತರಿಸಬೇಡಿ. ಅದೇ ಕಂಪನಿಯ ಇನ್ನೊಂದು ರೈಫಲ್ಲಿಗೆ 4.49ರದ್ದೇ ಚೆನ್ನಾಗಿ ಕೂರಬಹುದು. ಲಾಟ್ ಬದಲಾದರೆ ನಮಗೂ ಮತ್ತೆ ಮೊದಲಿಂದ ಪರೀಕ್ಷೆ. ದುಡ್ಡು ಖರ್ಚು ಮಾಡುವುದಾದರೆ ತಕ್ಕಡಿಗಿಂತ ಮೊದಲು ಬೇರೆ ಬೇರೆ ಲಾಟಿನ ಡಬ್ಬಿಗಳಿಗೆ ಮಾಡಿ.

ಮುಂದೆ ನೋಡಬೇಕಾದ್ದು ತೊಳೆದ ಪೆಲೆಟ್, ತೊಳೆಯದ ಪೆಲೆಟ್‌ಗಳ ವ್ಯತ್ಯಾಸ. ತೊಳೆದು ತೆಳುವಾಗಿ ಎಣ್ಣೆ ಸವರುವವರಿದ್ದಾರೆ, ಡಬ್ಬಿಯಿಂದ ತೆಗೆದ ಹಾಗೇ ಹಾಕುವವರೂ ಇದ್ದಾರೆ. ಅದೇ ಶೆಡ್ಡು, ಅದೇ ವೈಸು, ಅದೇ ಲಾಟಿನಲ್ಲಿ ಎರಡನ್ನೂ ಹೊಡೆದು ನೋಡುತ್ತೇವೆ. ಅಡಿಕೆ ಕೊಯ್ಲು ಶುರುವಾದರೆ ಶೆಡ್ ಸಿಗುವುದಿಲ್ಲ. ಅಷ್ಟರೊಳಗೆ ಮುಗಿಸಬೇಕು. ಈ ಲಾಟಿನ ಇನ್ನಷ್ಟು ಡಬ್ಬಿ ಇದ್ದರೆ ಎತ್ತಿಡಿ ಅಂತ ಬೆಂಗಳೂರಿನ ಅಂಗಡಿಯವರಿಗೆ ಸಂಖ್ಯೆ ಬರೆದು ಕಳಿಸಿದ್ದೇನೆ.