ಮೂಗು ಯಾಕೆ ಓಡಬಾರದು? ರನ್ ಚೀಟಿಗಳ ಆರನೇ ವಾರ

ಚೀಟಿಗಳ ಲೆಕ್ಕ 83ಕ್ಕೆ ಬಂದಿದೆ. ಡಬ್ಬ ಇನ್ನೂ ಅದೇ, ಹಳೇ ಶೂ ಡಬ್ಬ.

ಈಗಷ್ಟೇ ಓದಲು ಶುರು ಮಾಡಿದವರಿಗೆ: ಇದೆಲ್ಲ ಹುಟ್ಟಿದ್ದು ಅಣ್ಣನ ಮಗಳ ಹೋಮ್‌ವರ್ಕಿನಿಂದ. 'ಮೈ ನೋಸ್ ಈಸ್ ರನ್ನಿಂಗ್' ಅನ್ನೋದಕ್ಕೆ ಅವಳು 'ನನ್ನ ಮೂಗು ಓಡುತ್ತಿದೆ' ಅಂತ ಬರೆದಿದ್ದಳು. ನಾನು ನಕ್ಕೆ. "ಸಿನಿಮಾ ನೂರು ದಿನ ಓಡುತ್ತೆ, ಗಾಡಿ ಓಡುತ್ತೆ, ಮೂಗು ಮಾತ್ರ ಯಾಕೆ ಓಡಬಾರದು ಚಿಕ್ಕಪ್ಪ?" ಅಂದಳು. ನನಗೆ ಬಾಯಿ ಕಟ್ಟಿತು.

ನಿಯಮ ಇಷ್ಟೇ. ಒಂದು ಚೀಟಿಗೆ 'ರನ್' ಇರುವ ಒಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಮನೆಯಲ್ಲಿ ನಾವು ನಿಜವಾಗಿ ಆಡುವ ಕನ್ನಡ. 'ರನ್ ಮಾಡು' ಅಂತ ಬರೆದು ತಪ್ಪಿಸಿಕೊಳ್ಳುವ ಹಾಗಿಲ್ಲ, ಕಂಪ್ಯೂಟರ್ ಪ್ರೋಗ್ರಾಮಿಗೆ ಮಾತ್ರ ವಿನಾಯಿತಿ, ಯಾಕಂದ್ರೆ ಅಲ್ಲಿ ಬೇರೆ ಏನು ಬರೆದರೂ ನಾಟಕದ ಮಾತಿನ ಹಾಗೆ ಕೇಳಿಸುತ್ತದೆ.

'ಓಡು' ಅರ್ಧದಷ್ಟಾದರೂ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು 11 ಚೀಟಿಯಲ್ಲಿ. ಇಂಗ್ಲಿಷಿನವರು ಅಂಗಡಿಯನ್ನು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಸಂಸಾರವನ್ನೂ ನಡೆಸುತ್ತೇವೆ, ಸಂಘವನ್ನೂ ನಡೆಸುತ್ತೇವೆ, ಯಾವುದಕ್ಕೂ ಅವಸರ ಇಲ್ಲ. ಚುನಾವಣೆ ಬಂದರೆ ನಡೆಯುವುದೂ ಇಲ್ಲ, ಸುಮ್ನೆ ನಿಲ್ಲುತ್ತೇವೆ. ಇದರಲ್ಲಿ ಬ್ರಿಟನ್ನಿನವರು ನಮ್ಮ ಕಡೆ, ಅವರೂ ನಿಲ್ಲುವವರೇ. ಓಡುವವರು ಅಮೆರಿಕದವರು.

ಈ ವಾರ ಪೂರ್ತಿ ಹೋದದ್ದು ನೀರಿನ ಚೀಟಿಗಳಲ್ಲಿ. ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ರನ್. ಹಳೆಯ ಇಂಗ್ಲಿಷಿನಲ್ಲೇ ಈ ಪದ ಕಾಲಿನ ಓಟಕ್ಕೂ ನೀರಿನ ಹರಿವಿಗೂ ಎರಡಕ್ಕೂ ಇತ್ತಂತೆ, ಅಂದ್ರೆ ಅವರ ಮೂಗು ಓಡುತ್ತಿಲ್ಲ, ಹರಿಯುತ್ತಿದೆ! ಹುಡುಗಿಗೆ ಕೊಡಬೇಕಾದ ಉತ್ತರ ಇದೇ, ಆರು ವಾರ ತಡವಾಯಿತು ಅಷ್ಟೆ.

ಆದರೆ ಇವು ನಾಲ್ಕು ಅರ್ಥವೋ ಒಂದೋ? ಮೊದಲು ನಾಲ್ಕು ಕಡೆ ಇಟ್ಟೆ. ಮಾರನೇ ದಿನ ಒಂದೇ ರಬ್ಬರ್ ಬ್ಯಾಂಡಿಗೆ ಹಾಕಿದೆ. ಮತ್ತೆ ಬಿಚ್ಚಿದೆ. ಇದನ್ನೇ ಹೊಟ್ಟೆಪಾಡಿಗೆ ಮಾಡುವವರ ಗತಿ ನೋಡಿ: ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪೀಟರ್ ಗಿಲಿವರ್ 'ರನ್' ಒಂದಕ್ಕೇ ಒಂಬತ್ತು ತಿಂಗಳು ಕೂತರು, ಕ್ರಿಯಾಪದಕ್ಕೆ 645 ಅರ್ಥ ಬಂತು ಅಂತ 2011ರಲ್ಲಿ ಸುದ್ದಿಯಾಯಿತು. ಅದಕ್ಕೂ ಮುಂಚೆ ದೊಡ್ಡಣ್ಣ 'ಸೆಟ್', 1989ರ ಆವೃತ್ತಿಯಲ್ಲಿ 430. ಮೊದಲು ಈ ಸಂಖ್ಯೆ ನೋಡಿ ಬೆರಗಾಗಿದ್ದೆ. ಈಗ ಎಲ್ಲಿ ಬಿಡಿಸಿದರು, ಎಲ್ಲಿ ಕೂಡಿಸಿದರು ಅನ್ನೋದರ ಮೇಲೇ ಜಾಸ್ತಿ ಕಣ್ಣು. ನನ್ನ 83ನ್ನು ಇವತ್ತು 60 ಮಾಡಬಲ್ಲೆ, ಒಂದು ಚೀಟಿಯನ್ನೂ ಎಸೆಯದೆ.

ಸೋತ ಚೀಟಿಗಳೂ ಇವೆ. 'ರನ್ ಆಫ್ ದಿ ಮಿಲ್'ಗೆ 'ಮಾಮೂಲಿ' ಅಂತ ಬರೆದು ಮುಗಿಸಿದೆ, ಅದರಲ್ಲಿ ರಸ ಇಲ್ಲ. ಕ್ರಿಕೆಟ್ಟಿನ ರನ್ನಿಗೆ 'ಓಟ' ಅಂತ ಬರೆಯಲು ಮನಸ್ಸು ಒಪ್ಪಲಿಲ್ಲ. ಬೌಂಡರಿ ಹೊಡೆದು ನಿಂತಲ್ಲೇ ನಿಂತವನಿಗೆ ನಾಲ್ಕು ಓಟ ಕೊಡೋದು ಹೇಗೆ?

ಮುಂದಿನ ವಾರದ ಯೋಜನೆ ಆಗಲೇ ಕೆಟ್ಟಿದೆ. ಬಣ್ಣ 'ಬಿಡುತ್ತದೆ' ಅಂತ ಬರೆಯುವಾಗ ಕೈ ನಿಂತಿತು. ಗಿಡ ಹೂ ಬಿಡುತ್ತದೆ, ಮನುಷ್ಯ ಕೆಲಸ ಬಿಡುತ್ತಾನೆ, ಸುಳ್ಳುಗಾರ ರೈಲು ಬಿಡುತ್ತಾನೆ. ಅಷ್ಟೇ ಅಲ್ಲ, ನೀರು ಬಿಟ್ಟರು ಅಂದ್ರೆ ನೀರು ಬರಲು ಶುರುವಾಯಿತು, ಮಳೆ ಬಿಟ್ಟಿತು ಅಂದ್ರೆ ನಿಂತಿತು. ಇನ್ನೊಂದು ಶೂ ಡಬ್ಬ ಹುಡುಕುತ್ತಿದ್ದೇನೆ.