ಮೂರು ಮಿಲಿಮೀಟರ್

ಮಂಗಳವಾರದಿಂದ ಒಂದು ದೃಶ್ಯ ಕಣ್ಣ ಮುಂದಿಂದ ಸರಿಯುತ್ತಲೇ ಇಲ್ಲ. ಮಗ್ಗುಲಾಗಿ ಮಲಗಿಸಿಟ್ಟ ಹೊಸ ಕಂಪ್ಯೂಟರ್ ಕ್ಯಾಬಿನೆಟ್, ಅದರೊಳಗೆ ಅರ್ಧ ಇಳಿದು ನಿಂತ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಹಿಂದಿನ ಬ್ರಾಕೆಟ್ ತನ್ನ ಸಂದಿಗೆ ಕೂರಬೇಕು, ಕೂರುತ್ತಿಲ್ಲ. ಮುಂದಿನ ತುದಿ ಹೋಗಿ ಫ್ಯಾನಿನ ಚೌಕಟ್ಟಿಗೆ ತಗುಲಿಕೊಂಡಿದೆ. ಕೊರತೆ ಬಿದ್ದದ್ದು ಮೂರೇ ಮೂರು ಮಿಲಿಮೀಟರ್.

"ಒಂಚೂರು ಒತ್ತಿದ್ರೆ ಹೋಗಂಗಿಲ್ಲೇನ್ರೀ?" ಅಂದರು ಮಾಸ್ಟರ್.

ಒತ್ತಬಾರದು. ಮೂರು ಫ್ಯಾನಿನ ಕಾರ್ಡ್ ಒಂದೂವರೆ ಕಿಲೋ, ಇನ್ನೂ ಹೆಚ್ಚೂ ತೂಗಬಹುದು. ಬಲವಂತವಾಗಿ ಕೂರಿಸಿದರೆ ಆ ಒತ್ತಡವನ್ನೆಲ್ಲ ಹೊರುವುದು ಮದರ್‌ಬೋರ್ಡಿನ ಸ್ಲಾಟು. ಅವತ್ತು ಕಂಪ್ಯೂಟರ್ ಆನ್ ಆಗುತ್ತದೆ. ಆಮೇಲೆ ಯಾವತ್ತೋ ಪರದೆ ಕಪ್ಪಾಗುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಮಾಸ್ಟರ್ ಅಂದರೆ ಬಳ್ಳಾರಿಯ ಒಂದು ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್. ಕೊರಳಲ್ಲಿ ಟೇಪು, ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಪ್ಯಾಂಟು ಹೊಲಿಯುವ ಮೊದಲೇ ಅದು ಹೇಗೆ ಕಾಣುತ್ತದೆ ಅಂತ ವ್ಯಾಪಾರಿಗಳಿಗೆ ತ್ರೀಡಿಯಲ್ಲಿ ತೋರಿಸಬೇಕು ಎನ್ನುವುದು ಅವರ ಅಕ್ಕನ ಮಗನ ಯೋಚನೆ. ಒಳ್ಳೆಯ ಯೋಚನೆಯೇ. ಅದಕ್ಕೆ ದೊಡ್ಡ ಕಾರ್ಡು ಬೇಕು. ಕಟಿಂಗ್ ಟೇಬಲ್ಲಿಗೂ ಗೋಡೆಗೂ ನಡುವೆ ಇರುವುದು ಒಂದೂವರೆ ಅಡಿ, ಹಾಗಾಗಿ ಸಣ್ಣ ಕ್ಯಾಬಿನೆಟ್ ಬೇಕು. ಈ ಎರಡು ಆಸೆಗಳಲ್ಲಿ ತಪ್ಪಿಲ್ಲ. ತಪ್ಪು ಮಾರಿದವನದು. ಹುಡುಗ ಕಳಿಸಿದ ಪಟ್ಟಿಗೆ ಬೆಲೆ ಕೂಡಿಸಿದ, ಪಾರ್ಸೆಲ್ ಕಟ್ಟಿದ, ಅಳತೆ ಮಾತ್ರ ಕೂಡಿಸಲಿಲ್ಲ. ಅಂಗಡಿ ಇಟ್ಟವನು ಮಾಡಬೇಕಾದ ಕೆಲಸ ಅದೇ ಅಲ್ಲವೇ?

ಡಬ್ಬಿಯ ಮೇಲೆ "ಗ್ರಾಫಿಕ್ಸ್ ಕಾರ್ಡ್ 330 ಮಿ.ಮೀ. ವರೆಗೆ" ಎಂದು ಅಚ್ಚಾಗಿದೆ. ಕಾರ್ಡಿನ ಉದ್ದ 308. ಓದಿದವರು ಯಾರೇ ಆದರೂ ಇನ್ನೂ 22 ಮಿ.ಮೀ. ಉಳಿಯಿತು ಅಂದುಕೊಳ್ಳುತ್ತಾರೆ. ಆದರೆ ಆ 330 ಮುಂಭಾಗ ಬರಿದಾಗಿದ್ದಾಗಿನ ಅಳತೆ. ಮಾಮೂಲಿ ಫ್ಯಾನಿನ ದಪ್ಪ 25 ಮಿ.ಮೀ.; ಅದನ್ನು ಒಳಗಡೆಯಿಂದ ಕೂರಿಸಿದರೆ ಉಳಿಯುವುದು 305. ನೀರಿನ ಕೂಲರಿನ ರೇಡಿಯೇಟರ್ ಮುಂದೆ ಹಾಕಿದರೆ ಅದರದೇ 27 ಸೇರಿ 52 ಹೋಗುತ್ತದೆ, ಆಗ 278. ಅಚ್ಚಾದ ಸಂಖ್ಯೆ ಸುಳ್ಳಲ್ಲ. ಒಂಟಿಯಾಗಿ ನಿಂತಾಗ ಮಾತ್ರ ನಿಜ.

ಇದನ್ನು ಹೇಳಿದಾಗ ಮಾಸ್ಟರ್ ಟೇಪು ತೆಗೆದು ತಾವೇ ಅಳೆದರು. ಎರಡು ಸಲ. ಆಮೇಲೆ ಬೆರಳ ತುದಿಯಿಂದ ಆ ಸಂದಿಯನ್ನು ಸವರಿ, "ನಾಕು ಪದರ ಡೆನಿಮ್ ದಪ್ಪ ನೋಡ್ರಿ. ಹೊಲಿಗೆಗೆ ಬಟ್ಟೆ ಬಿಡದಂಗ ಕತ್ತರಿಸ್ಯಾರ" ಅಂದರು.

ಕ್ಯಾಬಿನೆಟ್ ಆರಿಸುವುದರ ಬಗ್ಗೆ ಇದಕ್ಕಿಂತ ಸರಿಯಾದ ಮಾತು ಕೇಳಿಲ್ಲ. ಸೊಂಟ 32 ಇದ್ದರೆ ಬಟ್ಟೆಯನ್ನು 32ಕ್ಕೇ ಕತ್ತರಿಸುವವರು ಯಾರೂ ಇಲ್ಲ. ಇಲ್ಲೂ ಹಾಗೆಯೇ, ಪ್ರತಿ ಭಾಗಕ್ಕೂ ತನ್ನ ಉದ್ದದ ಜೊತೆ ಒಂದಿಷ್ಟು ಬಿಡುವು ಸೇರಿಸಿಯೇ ಅಳೆಯಬೇಕು. ಎಷ್ಟು ಬಿಡಬೇಕು ಎನ್ನುವುದು ಭಾಗಕ್ಕೊಂದು ಥರ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಒದಗಿಸುವ ಡಬ್ಬಿ ತೆಗೆದುಕೊಳ್ಳಿ. ಎಟಿಎಕ್ಸ್ ಎನ್ನುವ ಮಾಮೂಲಿ ಅಳತೆಯ ಎಸ್‌ಎಂಪಿಎಸ್ಸಿನ ಅಗಲ 150, ಎತ್ತರ 86 ಮಿ.ಮೀ. ಅಂತ ನಿಗದಿಯಾಗಿಬಿಟ್ಟಿದೆ, ಆಳ ಮಾತ್ರ 140, 160, 180 ಹೀಗೆ ಬದಲಾಗುತ್ತದೆ. ಮಾಸ್ಟರ್ ತಂದದ್ದು 160ರದು, ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಬಗೆ. ಕ್ಯಾಬಿನೆಟ್ಟೂ 160 ಹಿಡಿಯುತ್ತದೆ ಅಂತಲೇ ಬರೆದಿದೆ. ಆದರೆ ಪ್ಲಗ್ಗುಗಳು ಹೊರಗೆ ಚಾಚುತ್ತವೆ, ದಪ್ಪ ಕೇಬಲ್ ತಿರುವು ತೆಗೆದುಕೊಳ್ಳಬೇಕು. ಅದಕ್ಕೆ ಇನ್ನಷ್ಟು ಜಾಗ ಬೇಕು. ಅಷ್ಟರಲ್ಲಿ ಹಾರ್ಡ್ ಡಿಸ್ಕಿನ ಪಂಜರ ಎದುರಾಗುತ್ತದೆ. ಪಂಜರದ ನಾಲ್ಕು ಸ್ಕ್ರೂ ಬಿಚ್ಚಿ ಆಚೆ ಇಟ್ಟರೆ ಸಮಸ್ಯೆ ತೀರಿತು. ಅದನ್ನು ರಿವೆಟ್ ಹೊಡೆದು ಕೂರಿಸಿದ್ದರೆ ತೀರುವುದಿಲ್ಲ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಪ್ರೊಸೆಸರನ್ನು ತಂಪು ಮಾಡುವ ಕೂಲರಿನ ಎತ್ತರ ಎಲ್ಲರೂ ನೋಡುತ್ತಾರೆ, ಮೆಮೊರಿ ಪಟ್ಟಿ, ಅಂದರೆ ರ‍್ಯಾಮಿನ ಎತ್ತರ ಯಾರೂ ನೋಡುವುದಿಲ್ಲ. ಕ್ಯಾಬಿನೆಟ್ 160 ಬಿಡುತ್ತದೆ, ಜೋಡಿ ಟವರಿನ ಕೂಲರ್ 155, ಸರಿಯಾಯಿತು ಅನ್ನಿಸುತ್ತದೆ. ಆದರೆ ಆ ಕೂಲರಿನ ಮುಂದಿನ ಫ್ಯಾನು ರ‍್ಯಾಮಿನ ಮೇಲೆ ಬರುತ್ತದೆ. ಬಣ್ಣದ ದೀಪದ ಎತ್ತರದ ರ‍್ಯಾಮ್ ಹಾಕಿದರೆ ಫ್ಯಾನನ್ನು ಏಳೆಂಟು ಮಿ.ಮೀ. ಮೇಲಕ್ಕೆತ್ತಿ ಕ್ಲಿಪ್ ಹಾಕಬೇಕಾಗುತ್ತದೆ. ಪಕ್ಕದ ಗಾಜು ಮುಚ್ಚುವುದಿಲ್ಲ. ಸಣ್ಣ ಕ್ಯಾಬಿನೆಟ್ಟಿಗೆ ದೀಪವಿಲ್ಲದ ಗಿಡ್ಡ ರ‍್ಯಾಮೇ ಸರಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಾರ್ಡಿನ ಅಗಲದ ವಿಚಾರದಲ್ಲಿ. ಉದ್ದ ನೋಡಿ ಸುಮ್ಮನಾಗುತ್ತೇವೆ. ಈಗಿನ ಕಾರ್ಡುಗಳ ಪವರ್ ಪ್ಲಗ್ ಪಕ್ಕದ ಗಾಜಿನ ಕಡೆಗೆ ಮುಖ ಮಾಡಿರುತ್ತದೆ. ಹದಿನಾರು ಪಿನ್ನಿನ ಪ್ಲಗ್ಗಾದರೆ ಕೇಬಲನ್ನು ಬಾಗಿಸುವ ಮುನ್ನ 35 ಮಿ.ಮೀ. ನೆಟ್ಟಗೆ ಬಿಡಬೇಕು. ಕೂಲರಿಗೆ 160 ಬಿಡುವ ಕ್ಯಾಬಿನೆಟ್ಟಿನಲ್ಲಿ 134 ಅಗಲದ ಕಾರ್ಡ್ ಕೂರಿಸಿದರೆ ಹೆಚ್ಚೂಕಡಿಮೆ 26 ಉಳಿಯುತ್ತದೆ. ಗಾಜು ಒತ್ತಿ ಮುಚ್ಚಿದರೆ ಅದು ಕೇಬಲನ್ನು ಒತ್ತುತ್ತದೆ, ಕೇಬಲ್ ಪ್ಲಗ್ಗನ್ನು ಓರೆ ಮಾಡುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 4090 ಎನ್ನುವ ಕಾರ್ಡ್ ಬಂದ ಹೊಸತರಲ್ಲಿ ಈ ಪ್ಲಗ್ ಕರಗಿದ ದೂರುಗಳು ಬಂದವು. ಪ್ಲಗ್ ಪೂರ್ತಿ ಕೂರದೇ ಇದ್ದದ್ದು ಅದಕ್ಕೊಂದು ಮುಖ್ಯ ಕಾರಣ ಅಂತ ಆಮೇಲೆ ಗೊತ್ತಾಯಿತು. ಬೆಂಕಿಗೆ ಸಂಬಂಧಪಟ್ಟ ಅಳತೆಯಲ್ಲಿ ಹೊಂದಾಣಿಕೆ ಬೇಡ.

ಇನ್ನು ದಪ್ಪ. ಒಂದು ಸ್ಲಾಟಿನಿಂದ ಮತ್ತೊಂದಕ್ಕೆ 20.32 ಮಿ.ಮೀ. ಮೈಕ್ರೋ ಎಟಿಎಕ್ಸ್ ಎನ್ನುವ ಸಣ್ಣ ಅಳತೆಯ ಕ್ಯಾಬಿನೆಟ್ಟಿಗೆ ನಾಲ್ಕು ಸ್ಲಾಟು. ಮೂರು ಸ್ಲಾಟಿನ ಕಾರ್ಡ್ ಹಾಕಿದರೆ ಕೆಳಗೆ ಎಸ್‌ಎಂಪಿಎಸ್ ಮುಚ್ಚಿದ ತಗಡಿಗೂ ಕಾರ್ಡಿನ ಫ್ಯಾನಿಗೂ ನಡುವೆ ಉಳಿಯುವುದು ಒಂದೇ ಸ್ಲಾಟು, ಒಂದು ಹೆಬ್ಬೆರಳು ತೂರುವಷ್ಟು. ಆ ತಗಡಿಗೆ ತೂತುಗಳಿರದಿದ್ದರೆ ಕಾರ್ಡ್ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಬೇರೆ ಊರಿನವರಿಗೆ ಇದು ಸಣ್ಣ ಮಾತು, ನಮಗಲ್ಲ. ಯುಗಾದಿ ಕಳೆದರೆ ಬಳ್ಳಾರಿಯಲ್ಲಿ ಮಧ್ಯಾಹ್ನ 40 ಡಿಗ್ರಿ ಸುತ್ತಮುತ್ತ. ಕೂಲರ್ ಯಾವುದೇ ಇರಲಿ, ಕೋಣೆಯ ಬಿಸಿಯ ಮೇಲೆ ಇಷ್ಟು ಡಿಗ್ರಿ ಅಂತಲೇ ಲೆಕ್ಕ. 25 ಡಿಗ್ರಿಯ ಎಸಿ ಕೋಣೆಯಲ್ಲಿ ಪರೀಕ್ಷೆ ಮಾಡಿ 70 ತೋರಿಸಿದ ಪ್ರೊಸೆಸರ್ ನಮ್ಮಲ್ಲಿ 85 ಮುಟ್ಟುತ್ತದೆ. ಕಾರ್ಡಿನ ಪವರ್ ಮಿತಿಯನ್ನು ಶೇಕಡಾ ನೂರರಿಂದ ಎಂಬತ್ತಕ್ಕೆ ಇಳಿಸಿದರೆ ವೇಗ ಅಷ್ಟೇನೂ ಕುಗ್ಗುವುದಿಲ್ಲ, ಬಿಸಿ ಚೆನ್ನಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಇದನ್ನು ಮಾಡಲೇಬೇಕು. ಮೇಲೆ ಜೀನ್ಸ್ ಘಟಕದ ನೀಲಿ ನಾರು ಬೇರೆ, ಫಿಲ್ಟರಿನ ಮೇಲೆ ಕಂಬಳಿಯ ಹಾಗೆ ಕೂರುತ್ತದೆ. ಗಾಳಿ ಎಳೆಯುವ ಫ್ಯಾನುಗಳು ಹೊರಗೆ ಹಾಕುವವಕ್ಕಿಂತ ಹೆಚ್ಚಿರಬೇಕು, ಮುಂದೆ ಎರಡು, ಹಿಂದೆ ಒಂದು. ಆಗ ಸಂದಿಗೊಂದಿಯಿಂದ ಧೂಳು ನುಗ್ಗದೆ ಫಿಲ್ಟರಿನ ಮೂಲಕವೇ ಗಾಳಿ ಬರುತ್ತದೆ. ಫಿಲ್ಟರ್ ಎಳೆದು ತೆಗೆಯುವ ಹಾಗಿರಬೇಕು, ಹದಿನೈದು ದಿನಕ್ಕೊಮ್ಮೆ ತೊಳೆದು ಒಣಗಿಸಿ ಹಾಕಬೇಕು. ಮುಂದೆ ಗಾಜು ಹೊದಿಸಿದ ಕ್ಯಾಬಿನೆಟ್ ಚಿತ್ರದಲ್ಲಿ ಚೆಂದ, ಇಲ್ಲಿಗೆ ಜಾಲರಿಯೇ ಬೇಕು.

ಅಕ್ಕನ ಮಗ ಫೋನಿನಲ್ಲಿ ಇನ್ನೂ ಸಣ್ಣ ಕ್ಯಾಬಿನೆಟ್ಟುಗಳನ್ನು ತೋರಿಸಿದ. ಜಾಣ ಹುಡುಗ, ಆದರೆ ಚಿತ್ರ ನೋಡಿ ಮನಸ್ಸು ಕೊಡುತ್ತಾನೆ. ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200ರ ಗಾತ್ರ ಬರೀ 18 ಲೀಟರ್ ಚಿಲ್ಲರೆ, 330 ಮಿ.ಮೀ. ಕಾರ್ಡ್ ಹಿಡಿಯುತ್ತದೆ, ನಿಜ. ಆದರೆ ಅದಕ್ಕೆ 170 ಮಿ.ಮೀ. ಚೌಕದ ಮಿನಿ ಐಟಿಎಕ್ಸ್ ಬೋರ್ಡ್ ಬೇಕು, ಎಸ್‌ಎಫ್‌ಎಕ್ಸ್ ಎನ್ನುವ ಚಿಕ್ಕ ಎಸ್‌ಎಂಪಿಎಸ್ ಬೇಕು. ಎರಡೂ ದುಬಾರಿ, ಕೆಟ್ಟರೆ ನಮ್ಮೂರಲ್ಲಿ ಅವತ್ತೇ ಸಿಗುವುದಿಲ್ಲ. ಲಿಯಾನ್ ಲಿ ಓ11 ಡೈನಾಮಿಕ್ ಮಿನಿಯ ಮೊದಲ ಮಾದರಿ ದೊಡ್ಡ ಎಟಿಎಕ್ಸ್ ಬೋರ್ಡನ್ನೇ ಹಿಡಿಯುತ್ತದೆ, ಆದರೂ ಎಸ್‌ಎಂಪಿಎಸ್ ಮಾತ್ರ ಎಸ್‌ಎಫ್‌ಎಕ್ಸೇ ಆಗಬೇಕು. ಮಾಸ್ಟರ್ ಹತ್ತಿರ ಇರುವ 244 ಮಿ.ಮೀ. ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡು, ಮಾಮೂಲಿ ಎಸ್‌ಎಂಪಿಎಸ್, ಈ ಕಾರ್ಡು ಮೂರೂ ಹಾಗೇ ಕೂರಬೇಕೆಂದರೆ ಏಸಸ್ ಎಪಿ201 ಥರದ್ದು ನೋಡಬೇಕು: 33 ಲೀಟರ್, ಕಾರ್ಡಿಗೆ 338, ಕೂಲರಿಗೆ 170, ಎಸ್‌ಎಂಪಿಎಸ್ಸಿಗೆ 180, ಸುತ್ತ ಜಾಲರಿ. ಈಗಿನ ಕ್ಯಾಬಿನೆಟ್ಟಿನ ಎತ್ತರ, ಅಗಲ, ಆಳ 40, 21, 38 ಸೆಂ.ಮೀ.; ಗುಣಿಸಿದರೆ ಸುಮಾರು 32 ಲೀಟರ್. ಒಂದು ಲೀಟರಿನ ವ್ಯತ್ಯಾಸ. ಕುಡಿಯುವ ನೀರಿನ ಒಂದು ಬಾಟಲಿ.

ಇದ್ದ ಕ್ಯಾಬಿನೆಟ್ಟಿಗೇ 15 ಮಿ.ಮೀ. ದಪ್ಪದ ತೆಳು ಫ್ಯಾನು ಹಾಕಬಹುದಿತ್ತು. ಆಗ 315 ಉಳಿದು ಕಾರ್ಡ್ ಕೂರುತ್ತಿತ್ತು. ಆದರೆ ತೆಳು ಫ್ಯಾನಿಗೆ ನಾರು ಕೂತ ಫಿಲ್ಟರಿನ ಮೂಲಕ ಗಾಳಿ ಎಳೆಯುವ ಕಸುವು ಸಾಲದು. ಕೇಬಲಿನ ಆ 26 ಮಿ.ಮೀ. ಅಂತೂ ಹಾಗೇ ಉಳಿಯುತ್ತದೆ. ಬೇಡ ಅಂದೆ. ಮಾಸ್ಟರ್ ಮರುಮಾತಾಡಲಿಲ್ಲ. ಸೀಮೆಸುಣ್ಣ ತೆಗೆದು ಕಾರ್ಡಿನ ರಟ್ಟಿನ ಡಬ್ಬಿಯ ಮೇಲೆ ದಪ್ಪಗೆ ಬರೆದುಕೊಂಡರು: ಕಾರ್ಡು 308, ಬಿಡುವು 15, ಫ್ಯಾನು 25. ಕೆಳಗೆ ಗೆರೆ ಎಳೆದು, 348. ನಾನು ಹೇಳಿದ 338ರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನ್ಯಾಯವಾದ ಪ್ರಶ್ನೆ. ಆ ಕ್ಯಾಬಿನೆಟ್ಟಿನಲ್ಲಿ ಫ್ಯಾನುಗಳನ್ನು ಮುಂದೆ ಹಾಕುವುದಿಲ್ಲ, ಕೆಳಗೆ ಮತ್ತು ಮೇಲೆ ಹಾಕುತ್ತಾರೆ, ಹಾಗಾಗಿ 25 ಕಳೆಯಬೇಕಿಲ್ಲ ಅಂದೆ. 25 ಹೊಡೆದು ಹಾಕಿ 323 ಎಂದು ತಿದ್ದಿದರು.

ಆಮೇಲೆ ಮಾರಿದವನಿಗೇ ಫೋನ್ ಹಚ್ಚಿದರು. ವಾಪಸ್ ತಗೊಳ್ಳುವ ಮಾತು ಸಲೀಸಾಗಿ ಮುಗಿಯಿತು. ಬದಲಿಗೆ ಏನಿದೆ ಅಂತ ಕೇಳಿದಾಗ ಆಕಡೆಯವನು ಇನ್ನೊಂದು ಡಬ್ಬಿಯ ಮೇಲಿನ ಸಂಖ್ಯೆ ಓದತೊಡಗಿದ.

"ಅದನ್ನ ನಾನೂ ಓದ್ತೀನ್ರೀ," ಅಂದರು ಮಾಸ್ಟರ್. "ಬಾಗ್ಲು ತೆಗೀರಿ, ಫ್ಯಾನಿದ್ದಂಗ ಟೇಪ್ ಹಿಡೀರಿ, ಆಮ್ಯಾಲೆ ಹೇಳ್ರಿ. ನಾನು ಲೈನ್‌ನಾಗೇ ಇರ್ತೀನಿ."

ಫೋನನ್ನು ಸ್ಪೀಕರಿಗೆ ಹಾಕಿ, ಅರ್ಧ ಇಳಿದು ನಿಂತಿದ್ದ ಕಾರ್ಡನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಸ್ಪಂಜಿನ ಮೇಲೆ ಮಲಗಿಸಿದರು. ಆಕಡೆಯಿಂದ ಸ್ಕ್ರೂ ಬಿಚ್ಚುವ ಸದ್ದು ಕೇಳುತ್ತಿತ್ತು.